ಕಂಬಿಗರ ಊರು ಕಟ್ಟಿದ ಬಗೆ: ಇಂಡೋನೇಷ್ಯಾದ ಸಂಸ್ಕೃತಿಗಳಿಂದ ಕಲಿತು ಕಲ್ಪಿತ ಬುಡಕಟ್ಟನ್ನು ರೂಪಿಸಲು ಒಂದು ಸಮಗ್ರ ಮಾರ್ಗದರ್ಶಿ

ಸುಮಾತ್ರಾ ದ್ವೀಪದ ತೋಬಾ ಸರೋವರದ ಸುತ್ತ ಬದುಕುವ ಬಟಾಕ್ ಜನ ತಮ್ಮ ಸಮಾಜ ಹೇಗಿದೆ ಎಂದು ಹೇಳಬೇಕಾದಾಗ ಒಲೆಯ ಮಾತೆತ್ತುತ್ತಾರೆ. ‘ದಾಲಿಹಾನ್ ನಾ ತೋಲು’, ಅಂದರೆ ಮೂರು ಕಲ್ಲಿನ ಒಲೆ. ಒಂದು ಕಲ್ಲು ನಮಗೆ ಹೆಣ್ಣು ಕೊಟ್ಟ ಮನೆಯವರು, ಇನ್ನೊಂದು ನಮ್ಮಿಂದ ಹೆಣ್ಣು ತಂದ ಮನೆಯವರು, ಮೂರನೆಯದು ನಮ್ಮದೇ ಕುಲದ ದಾಯಾದಿಗಳು. ಹೆಣ್ಣು ಕೊಟ್ಟವರಿಗೆ ತಲೆಬಾಗು, ಹೆಣ್ಣು ತಂದವರನ್ನು ಅಕ್ಕರೆಯಿಂದ ಒಲಿಸಿಕೋ, ದಾಯಾದಿಗಳೊಡನೆ ಎಚ್ಚರದಿಂದಿರು ಎಂಬುದು ಅವರ ಹಿರಿಯರ ಮಾತು. ಮದುವೆ, ಸಾವು ಯಾವುದೇ ಬಂದರೂ ಹೆಣ್ಣು ತಂದವರು ಅಡುಗೆಮನೆಯ ಕೆಲಸಕ್ಕೆ ನಿಲ್ಲಬೇಕು. ಹಾಗಾಗಿ ಇಂದು ಒಂದು ಮನೆಯಲ್ಲಿ ಗೌರವದ ಚಾಪೆಯ ಮೇಲೆ ಕುಳಿತವನು ನಾಳೆ ಇನ್ನೊಂದು ಮನೆಯಲ್ಲಿ ಸೌಟು ಹಿಡಿಯುತ್ತಾನೆ. ಎಲ್ಲ ಕಡೆಯೂ ದೊಡ್ಡವನಾಗಿಯೇ ಇರುವವನು ಅಲ್ಲಿ ಇಲ್ಲ.

ಕಥೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಗಣಿ ಯಾವುದಿದೆ? ಆದರೂ ನಾವು ಸಾಮಾನ್ಯವಾಗಿ ಅಲ್ಲಿಂದ ತರುವುದು ಚೂಪು ಚಾವಣಿ, ಹಚ್ಚೆ, ಹಕ್ಕಿಗರಿಯ ಕಿರೀಟ. ಒಲೆಯನ್ನು ಅಲ್ಲೇ ಬಿಟ್ಟು ಹೊಗೆಯನ್ನು ಮಾತ್ರ ತರುತ್ತೇವೆ. ಹೊರಗೆ ಕಾಣುವುದನ್ನು ಬಿಟ್ಟು ಒಳಗೆ ನಡೆಯುವುದನ್ನು ಕಲಿಯುವುದು ಹೇಗೆ ಎಂಬುದೇ ಈ ಬರಹದ ವಿಷಯ. ಉದ್ದಕ್ಕೂ ‘ಕಂಬಿಗರು’ ಎಂಬ ಕಲ್ಪಿತ ಜನರನ್ನು ಹಂತಹಂತವಾಗಿ ಕಟ್ಟುತ್ತಾ ಹೋಗುತ್ತೇನೆ.

ಮೊದಲ ಹೆಜ್ಜೆ: ದೇಶವನ್ನಲ್ಲ, ಒಂದು ಜನವನ್ನು ಆರಿಸಿ

‘ಇಂಡೋನೇಷ್ಯಾದ ಬುಡಕಟ್ಟು’ ಎಂಬ ಒಂದು ವಸ್ತು ಇಲ್ಲ. ಅಲ್ಲಿ 17,000ಕ್ಕೂ ಹೆಚ್ಚು ದ್ವೀಪಗಳಿವೆ, 700ಕ್ಕೂ ಹೆಚ್ಚು ಭಾಷೆಗಳಿವೆ. 2010ರ ಜನಗಣತಿಯಲ್ಲಿ ಜನ ತಮ್ಮದೆಂದು ಹೇಳಿಕೊಂಡ ಸಮುದಾಯದ ಹೆಸರುಗಳು 1,300 ದಾಟಿದವು. ಬೋರ್ನಿಯೋದ ಹಚ್ಚೆ, ಸುಲಾವೆಸಿಯ ಶವಸಂಸ್ಕಾರ, ಬಾಲಿಯ ದೇವಸ್ಥಾನ ಮೂರನ್ನೂ ಒಂದೇ ಊರಿನಲ್ಲಿ ಇಟ್ಟರೆ, ಲಡಾಖಿನ ಮಠದ ಅಂಗಳದಲ್ಲಿ ಯಕ್ಷಗಾನ ಆಡಿಸಿ ಪಕ್ಕದಲ್ಲೇ ನಾಗಾಲ್ಯಾಂಡಿನ ಕಂಬಳಿ ಹರಡಿದಂತೆ.

ನನ್ನ ಮೊದಲ ಕಾದಂಬರಿಯ ಕರಡಿನಲ್ಲಿ ನಾನು ಇದೇ ತಪ್ಪು ಮಾಡಿದ್ದೆ. ಓದಿದ ಗೆಳತಿ ಒಂದೇ ಪ್ರಶ್ನೆ ಕೇಳಿದಳು: “ಇವರು ಬೆಳಿಗ್ಗೆ ಎದ್ದು ಏನು ತಿನ್ನುತ್ತಾರೆ?” ನನಗೆ ಗೊತ್ತಿರಲಿಲ್ಲ. ನೂರಿಪ್ಪತ್ತು ಪುಟ ಬರೆದಿದ್ದೆ, ಅವರ ಹೊಟ್ಟೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಕರಡನ್ನು ಪೂರ್ತಿಯಾಗಿ ಪಕ್ಕಕ್ಕಿಟ್ಟೆ.

ಆದ್ದರಿಂದ ಒಂದೇ ಜನವನ್ನು ಆರಿಸಿ, ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿನಿಂದ ಶುರುಮಾಡಿ. ‘ಡಯಾಕ್’ ಎಂದು ಬರೆದುಕೊಂಡು ಕೂತರೆ ಸಾಲದು. ಅದು ಬೋರ್ನಿಯೋದ ಹತ್ತಾರು ಜನಗಳ ಮೇಲೆ ಹೊರಗಿನವರು ಹೊದಿಸಿದ ಹೊದಿಕೆ. ಇಬಾನರು, ಕೆನ್ಯಾಹರು, ನ್ಗಾಜುಗಳು ಬೇರೆಬೇರೆ ಭಾಷೆಯಾಡುತ್ತಾರೆ, ಸತ್ತವರನ್ನು ಬೇರೆಬೇರೆ ರೀತಿಯಲ್ಲಿ ಕಳಿಸಿಕೊಡುತ್ತಾರೆ. ‘ಬುಡಕಟ್ಟು’ ಎಂಬ ಮಾತಿನ ಬಗ್ಗೆಯೂ ಎಚ್ಚರ ಬೇಕು. ಪಶ್ಚಿಮ ಸುಮಾತ್ರಾದ ಮಿನಾಂಗ್‌ಕಬಾವ್ ಜನ ಲಕ್ಷಗಟ್ಟಲೆ ಇದ್ದಾರೆ. ದೇಶದ ಮೊದಲ ಉಪಾಧ್ಯಕ್ಷ ಮೊಹಮ್ಮದ್ ಹಟ್ಟಾ, ಮೊದಲ ಪ್ರಧಾನಿ ಸುತಾನ್ ಶಹ್ರಿರ್ ಇಬ್ಬರೂ ಆ ಜನದವರು. ನಿಮ್ಮ ಕಲ್ಪಿತ ಜನ ಕಾಡಿನಲ್ಲಿರಬಹುದು. ನಿಮಗೆ ಕಲಿಸುತ್ತಿರುವವರು ಕಾಡಿನವರೇ ಆಗಿರಬೇಕಿಲ್ಲ.

ಎರಡನೆಯ ಹೆಜ್ಜೆ: ಪದ್ಧತಿ ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿ

ಇಡೀ ಮಾರ್ಗದರ್ಶಿಯ ಬೇರು ಇದು. ಒಂದು ಪದ್ಧತಿ ಕಣ್ಣಿಗೆ ಬಿದ್ದ ಕೂಡಲೇ ಅದನ್ನು ಬರೆದುಕೊಳ್ಳಬೇಡಿ. ಆ ಪದ್ಧತಿ ಹುಟ್ಟುವ ಮೊದಲು ಆ ಜನರ ಎದುರಿಗೆ ಯಾವ ಪ್ರಶ್ನೆ ನಿಂತಿತ್ತು ಎಂದು ಹುಡುಕಿ, ಆ ಪ್ರಶ್ನೆಯನ್ನು ಬರೆದುಕೊಳ್ಳಿ.

ಬಾಲಿಯ ನೀರಾವರಿಯನ್ನೇ ನೋಡಿ. ಅಲ್ಲಿ ಬೆಟ್ಟದ ಮೇಲಿನಿಂದ ಕೆಳಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳು. ನೀರು ಹಂಚಿಕೊಳ್ಳುವ ರೈತರ ಸಂಘಕ್ಕೆ ‘ಸುಬಾಕ್’ ಎನ್ನುತ್ತಾರೆ. ಯಾವ ಗದ್ದೆಗೆ ಯಾವಾಗ ನೀರು, ಯಾವಾಗ ಪಾಳು ಎಂಬುದು ನೀರಿನ ದೇವಾಲಯಗಳ ಪೂಜೆಯ ಲೆಕ್ಕದೊಡನೆ ಹೆಣೆದುಕೊಂಡಿದೆ. ಹೊರಗಿನಿಂದ ನೋಡಿದವರಿಗೆ ಹೂವು, ಧೂಪ, ಬಿಳಿಕೊಡೆ ಮಾತ್ರ ಕಂಡವು. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ, ಎಲ್ಲರೂ ಬಿಡುವಿಲ್ಲದೆ ಬೆಳೆಯಿರಿ, ಹಳೆಯ ಲೆಕ್ಕ ಬಿಡಿ ಎಂದು ಹೇಳಲಾಯಿತು. ಕೀಟಗಳು ಮುತ್ತಿದವು, ನೀರಿಗೆ ತಕರಾರು ಎದ್ದಿತು. ಒಂದು ಪ್ರದೇಶದ ಗದ್ದೆಗಳೆಲ್ಲ ಒಟ್ಟಿಗೆ ಪಾಳು ಬಿದ್ದರೆ ಕೀಟಕ್ಕೆ ಆಹಾರ ಸಿಗುವುದಿಲ್ಲ. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲುವುದಿಲ್ಲ. ಈ ಎರಡು ಇಕ್ಕಟ್ಟುಗಳ ನಡುವಿನ ಹದವನ್ನು ದೇವಾಲಯಗಳ ಪಂಚಾಂಗ ಕಾಯುತ್ತಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಇದನ್ನು ವಿವರವಾಗಿ ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಸುಬಾಕ್ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಪ್ರಶ್ನೆ ಬರೆಯಿರಿ: ‘ಮೇಲಿನವನಿಗೆ ನೀರಿನ ಹಿಡಿತವಿದೆ, ಕೆಳಗಿನವನಿಗಿಲ್ಲ. ಮೇಲಿನವನು ಯಾಕೆ ಹಂಚಿಕೊಳ್ಳಬೇಕು?’ ಈ ಒಂದು ಸಾಲು ನಿಮ್ಮ ಕಲ್ಪಿತ ಲೋಕಕ್ಕೆ ಬಂದರೆ ಸಾಕು. ಬಾಲಿಯ ಒಂದು ಹೂವನ್ನೂ ನೀವು ಕೀಳಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಸುಲಾವೆಸಿಯ ಬೆಟ್ಟದ ತೊರಾಜಾ ಜನರದು. ಅವರ ಶವಸಂಸ್ಕಾರದ ಚಿತ್ರಗಳನ್ನು ನೋಡದವರು ಕಡಿಮೆ. ಉಸಿರು ನಿಂತ ಕೂಡಲೇ ಅಲ್ಲಿ ಮನುಷ್ಯ ಸತ್ತವನಾಗುವುದಿಲ್ಲ. ಅವನು ‘ತೊ ಮಕುಲಾ’, ಕಾಯಿಲೆಯವನು. ಮನೆಯಲ್ಲೇ ಇರುತ್ತಾನೆ, ಅವನಿಗೆ ಊಟ ಇಡುತ್ತಾರೆ, ಮಾತನಾಡಿಸುತ್ತಾರೆ. ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ‘ರಾಂಬು ಸೋಲೊ’ ಎಂಬ ದೊಡ್ಡ ಸಂಸ್ಕಾರ ನಡೆದ ಮೇಲಷ್ಟೇ ಅವನ ಸಾವು ಪೂರ್ಣ. ಆ ದಿನ ಎಮ್ಮೆ-ಕೋಣಗಳ ಬಲಿಯಾಗುತ್ತದೆ. ಮಚ್ಚೆಯ ಕೋಣದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ನೆಂಟರು ತಂದ ಪ್ರತಿಯೊಂದು ಪ್ರಾಣಿಯ ನೆನಪೂ ಉಳಿಯುತ್ತದೆ. ನಾಳೆ ಅವರ ಮನೆಯಲ್ಲಿ ಸಾವಾದಾಗ ಇವರು ತೀರಿಸಬೇಕು. ತೊರಾಜಾ ಜನರಲ್ಲಿ ಹೆಚ್ಚಿನವರು ಇಂದು ಕ್ರೈಸ್ತರು. ಪಾದ್ರಿಯ ಪ್ರಾರ್ಥನೆಯೂ ಕೋಣದ ಲೆಕ್ಕವೂ ಒಂದೇ ಅಂಗಳದಲ್ಲಿ ನಡೆಯುತ್ತವೆ.

ಇಲ್ಲಿ ಸಾಮಾನ್ಯ ಬರಹಗಾರ ಶವವನ್ನು ಹೊತ್ತುಕೊಂಡು ಓಡುತ್ತಾನೆ. ನೀವು ಸಾಲವನ್ನು ನೋಡಿ. ‘ಸಾವು ಬದುಕಿದ್ದವರನ್ನು ಒಬ್ಬರಿಗೊಬ್ಬರು ಹೇಗೆ ಕಟ್ಟಿಹಾಕುತ್ತದೆ?’ ಎಂಬುದು ಪ್ರಶ್ನೆ. ದೂರದ ಊರಿಗೆ ದುಡಿಯಲು ಹೋದ ಮಗ, ತಾನೆಂದೂ ನೋಡದ ಅಜ್ಜನ ಸಂಸ್ಕಾರಕ್ಕಾಗಿ ವರ್ಷಗಟ್ಟಲೆ ಹಣ ಕೂಡಿಡುವುದರಲ್ಲಿ ಒಂದು ಕಾದಂಬರಿಯೇ ಇದೆ. ಅದರಲ್ಲಿ ಒಂದೂ ಭೂತ ಬೇಕಾಗಿಲ್ಲ.

ಮೂರನೆಯ ಹೆಜ್ಜೆ: ನೆಲವನ್ನು ಬದಲಿಸಿ, ಪ್ರಶ್ನೆಯನ್ನು ಮತ್ತೆ ಕೇಳಿ

ಕಂಬಿಗರು ಹುಟ್ಟಿದ್ದು ಇಲ್ಲಿ. ನಾನು ಆರಿಸಿಕೊಂಡದ್ದು ಮಿನಾಂಗ್‌ಕಬಾವ್ ಜನರನ್ನು.

ಅವರಲ್ಲಿ ಪಿತ್ರಾರ್ಜಿತವಲ್ಲ, ಮಾತ್ರಾರ್ಜಿತ. ಗದ್ದೆ, ಮನೆ ತಾಯಿಯಿಂದ ಮಗಳಿಗೆ. ಕೋಡಿನಂತೆ ಮೇಲೆದ್ದ ಚಾವಣಿಯ ‘ರೂಮಾ ಗಾದಾಂಗ್’ ಎಂಬ ದೊಡ್ಡ ಮನೆಯಲ್ಲಿ ಕೋಣೆಗಳಿರುವುದು ಹೆಣ್ಣುಮಕ್ಕಳಿಗೆ. ಸಂಪ್ರದಾಯದ ಪ್ರಕಾರ ಗಂಡುಹುಡುಗ ಸ್ವಲ್ಪ ದೊಡ್ಡವನಾದರೆ ಊರಿನ ಪ್ರಾರ್ಥನಾ ಮನೆಯಾದ ‘ಸುರಾವ್’ನಲ್ಲಿ ಮಲಗುತ್ತಾನೆ. ಮದುವೆಯಾದ ಮೇಲೆ ಹೆಂಡತಿಯ ಮನೆಗೆ ಹೋಗುತ್ತಾನೆ, ಅಲ್ಲಿ ಅವನು ಅತಿಥಿ. ‘ಮೋಟುಮರದ ಮೇಲಿನ ಬೂದಿ’ ಎಂದು ಗಾದೆ ಅವನನ್ನು ಕರೆಯುತ್ತದೆ. ಗಾಳಿ ಬಂದರೆ ಹಾರಿಹೋಗುವವನು. ಹರೆಯದಲ್ಲಿ ಊರು ಬಿಟ್ಟು ಹೋಗಿ ದುಡಿದು, ಕಲಿತು ಬರುವುದಕ್ಕೆ ‘ಮರಾಂತಾವ್’ ಎಂಬ ಹೆಸರಿದೆ. ಇಂಡೋನೇಷ್ಯಾದ ಯಾವ ಪೇಟೆಗೆ ಹೋದರೂ ಅವರ ನಾಡಿನ ಪಾದಾಂಗ್ ನಗರದ ಹೆಸರಿನ ಊಟದ ಹೋಟೆಲು ಕಾಣಿಸುವುದು ಈ ಅಲೆದಾಟದಿಂದಲೇ. ಮಕ್ಕಳ ಹೊಣೆಯಲ್ಲಿ ದೊಡ್ಡ ಪಾಲು ‘ಮಾಮಾಕ್’ನದು, ಅಂದರೆ ಸೋದರಮಾವನದು.

ಕನ್ನಡದ ಓದುಗರಿಗೆ ಇದು ಅಪರಿಚಿತವಲ್ಲ. ತುಳುನಾಡಿನ ಅಳಿಯಸಂತಾನದಲ್ಲೂ ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಆದ್ದರಿಂದ ತಾಯಿಸಾಲು ಎಂದರೆ ಹೆಣ್ಣಾಳ್ವಿಕೆ ಎಂಬ ಸುಲಭದ ತಪ್ಪನ್ನು ನಾವಾದರೂ ಮಾಡಬಾರದು. ತಾಯಿಸಾಲಿನ ಜನರೆಲ್ಲ ಭೂದೇವಿಯ ಗುಡಿ ಕಟ್ಟಿ ಕುಣಿಯುತ್ತಾರೆ ಎಂಬುದೂ ಕಾಲ್ಪನಿಕ ಕಥೆಗಳ ಒಂದು ಜಡ ರೂಢಿ. ಮಿನಾಂಗ್‌ಕಬಾವ್ ಜನ ನಿಷ್ಠಾವಂತ ಮುಸ್ಲಿಮರು. 19ನೇ ಶತಮಾನದ ಆರಂಭದ ಪಾದ್ರಿ ಯುದ್ಧದಲ್ಲಿ (ಇಲ್ಲಿ ಪಾದ್ರಿಗಳೆಂದರೆ ಕ್ರೈಸ್ತರಲ್ಲ, ಇಸ್ಲಾಮಿನ ಸುಧಾರಕರು) ಧರ್ಮ ಮತ್ತು ರೂಢಿಯ ಹೆಸರಿನಲ್ಲಿ ತಮ್ಮತಮ್ಮಲ್ಲೇ ಕಾದಾಡಿದರು. ನಂತರ ಎರಡನ್ನೂ ಹೊಂದಿಸಿಕೊಂಡು ಬದುಕಿದರು. ಆ ಹೊಂದಾಣಿಕೆಯೇ ಕೌತುಕದ ಸಂಗತಿ.

ಪ್ರಶ್ನೆ ಹೀಗೆ ನಿಂತಿತು: ‘ಮನೆ ಹೆಣ್ಣಿನದಾದರೆ, ಗಂಡಿನ ಜಾಗ ಎಲ್ಲಿ?’

ಈಗ ನೆಲ ಬದಲಿಸಿದೆ. ಜ್ವಾಲಾಮುಖಿಯ ಫಲವತ್ತಾದ ಮಣ್ಣಿನ ಬದಲು ಒಂದು ಜೌಗು. ಸಮುದ್ರ ಸೇರುವ ಮುನ್ನ ನೂರು ಕವಲಾಗುವ ನದಿ ಇಪ್ಪತ್ತು-ಮೂವತ್ತು ವರ್ಷಕ್ಕೊಮ್ಮೆ ಹಾಸಿಗೆ ಬದಲಿಸುತ್ತದೆ. ಇಲ್ಲಿ ನೆಲವನ್ನು ಮಗಳಿಗೆ ಕೊಡಲಾಗದು, ಏಕೆಂದರೆ ನೆಲವೇ ಉಳಿಯದು. ಹಾಗಾದರೆ ಉಳಿಯುವುದೇನು? ಮನೆಯನ್ನು ನೀರಿನಿಂದ ಮೇಲೆತ್ತುವ ಕಂಬ. ನದಿ ಸರಿದರೆ ಕಂಬಗಳನ್ನು ಕಿತ್ತು, ದೋಣಿಗೆ ಕಟ್ಟಿ, ಹೊಸ ದಡದಲ್ಲಿ ನೆಡುತ್ತಾರೆ. ಕಂಬ ತಾಯಿಯಿಂದ ಮಗಳಿಗೆ ಹೋಗುತ್ತದೆ. ಕಂಬ ಕಾಯುವವರು ಕಂಬಿಗರು. ಅಂಬಿಗರ ದನಿ ಅದರಲ್ಲಿ ಕೇಳಿಸಲಿ ಎಂದೇ ಆ ಹೆಸರಿಟ್ಟೆ.

ಜೌಗಿನಲ್ಲಿ ಗಟ್ಟಿಮರ ಬೆಳೆಯುವುದಿಲ್ಲ. ಹಾಗಾಗಿ ಹರೆಯದ ಹುಡುಗ ನದಿಯ ಮೇಲ್ದಿಕ್ಕಿಗೆ ಹೋಗಬೇಕು, ಯಾರದೋ ಕಾಡಿನಲ್ಲಿ ದುಡಿದು ಒಂದು ಮರ ಗಳಿಸಬೇಕು, ಅದನ್ನು ತೇಲಿಸಿಕೊಂಡು ಬರಬೇಕು. ತಂದ ಕಂಬ ಅವನದಲ್ಲ, ಅಕ್ಕತಂಗಿಯರದು. ಮದುವೆಯಾದ ಮೇಲೆ ಅವನು ಮಲಗುವುದು ಹೆಂಡತಿಯ ಮನೆಯಲ್ಲಿ, ಹೆಂಡತಿಯ ಅಣ್ಣತಮ್ಮಂದಿರು ತಂದ ಕಂಬಗಳ ಮೇಲೆ. ಗಂಡಹೆಂಡಿರ ಪ್ರತಿಯೊಂದು ಜಗಳದಲ್ಲೂ ಆ ಕಂಬಗಳು ಮೌನವಾಗಿ ನಿಂತಿರುತ್ತವೆ. ಮೇಲಕ್ಕೆ ಹೋದ ಹುಡುಗ ಹಿಂತಿರುಗದಿದ್ದರೆ ತಾಯಿ ಅವನ ಕಂಬಕ್ಕೆಂದು ತೋಡಿದ ಕುಳಿಯನ್ನು ಮುಚ್ಚುವುದಿಲ್ಲ. ಕುಳಿ ತೆರೆದಿರುವವರೆಗೆ ಅವನು ಸತ್ತಿಲ್ಲ.

ಕೊನೆಯ ಸಾಲು ಬರೆದಾಗ ತೊರಾಜಾ ಜನರ ‘ಕಾಯಿಲೆಯವನು’ ನನಗೂ ನೆನಪಾದ. ಆದರೆ ಇದು ಅಲ್ಲಿಂದ ಕಿತ್ತು ತಂದದ್ದಲ್ಲ, ಕಂಬಿಗರ ನೆಲದಿಂದ, ಅವರ ಇಕ್ಕಟ್ಟಿನಿಂದ ತಾನಾಗಿ ಎದ್ದದ್ದು. ಈ ವ್ಯತ್ಯಾಸ ಕೈಗೆ ಹತ್ತಿದರೆ ನೀವು ಅರ್ಧ ದಾರಿ ನಡೆದಂತೆ. ಇಡೀ ಬೆಳವಣಿಗೆಯಲ್ಲಿ ಕೋಡಿನ ಚಾವಣಿ ಎಲ್ಲೂ ಬಂದಿಲ್ಲ ಎಂಬುದನ್ನೂ ಗಮನಿಸಿ.

ನಾಲ್ಕನೆಯ ಹೆಜ್ಜೆ: ಹೊಟ್ಟೆಯಿಂದ ಪಂಚಾಂಗಕ್ಕೆ

ಗೆಳತಿಯ ಪ್ರಶ್ನೆಗೆ ಈಗ ಉತ್ತರ ಕೊಡಬೇಕು. ಕಂಬಿಗರು ಏನು ತಿನ್ನುತ್ತಾರೆ? ಮಲುಕು, ಪಪುವಾ, ಮಂತಾವಾಯ್ ದ್ವೀಪಗಳ ಜೌಗಿನಲ್ಲಿ ಸಾಗೊ ತಾಳೆ ಬೆಳೆಯುತ್ತದೆ. ನಮ್ಮ ಮಲೆನಾಡಿನ ಬೈನೆ ಮರದಂತೆ ತಾಳೆಯ ಬಳಗದ್ದು. ಕಾಂಡದೊಳಗೆ ವರ್ಷಗಟ್ಟಲೆ ಪಿಷ್ಟ ಕೂಡಿಟ್ಟುಕೊಂಡು, ಜೀವನದಲ್ಲಿ ಒಮ್ಮೆ ಹೂಬಿಟ್ಟು ಸಾಯುತ್ತದೆ. ಹೂಬಿಡುವ ತುಸು ಮುನ್ನ ಕಡಿದು, ತಿರುಳು ಕೆರೆದು, ನೀರಲ್ಲಿ ತೊಳೆದು ಪಿಷ್ಟ ತೆಗೆಯುತ್ತಾರೆ. ಅಂದರೆ ಈ ಜನರಿಗೆ ಕಣಜ ಬೇಕಿಲ್ಲ, ಮರವೇ ಕಣಜ. ಸುಗ್ಗಿಯೂ ಇಲ್ಲ. ಕಲ್ಪಿತ ಹಳ್ಳಿ ಎಂದ ಕೂಡಲೇ ಸುಗ್ಗಿಹಬ್ಬ ಬರೆಯುವ ನಮ್ಮ ಕೈ ಇಲ್ಲಿ ನಿಲ್ಲಬೇಕು. ಕಂಬಿಗರಲ್ಲಿ ಹಬ್ಬ ಬರುವುದು ಹೊಸ ಕಂಬ ನೀರಲ್ಲಿ ತೇಲಿ ಬಂದಾಗ, ಮತ್ತು ನದಿ ಸರಿಯಲು ಶುರುಮಾಡಿದಾಗ. ಎರಡಕ್ಕೂ ದಿನಾಂಕವಿಲ್ಲ.

ಹಬ್ಬದ ಕಾಲವನ್ನು ಪ್ರಕೃತಿ ನಿರ್ಧರಿಸುವುದು ಹೇಗೆ ಎಂದು ತಿಳಿಯಲು ಸುಂಬಾ ದ್ವೀಪದ ‘ಪಸೋಲಾ’ವನ್ನು ನೋಡಿ. ಪಶ್ಚಿಮ ಸುಂಬಾದಲ್ಲಿ ಫೆಬ್ರವರಿ-ಮಾರ್ಚ್ ಹೊತ್ತಿಗೆ ಎರಡು ಪಂಗಡದ ಸವಾರರು ಕುದುರೆಯ ಮೇಲೆ ಕುಳಿತು ಮರದ ಭರ್ಜಿ ಎಸೆದಾಡುತ್ತಾರೆ. ಆ ದಿನ ಗೊತ್ತಾಗುವುದು ‘ನ್ಯಾಲೆ’ ಎಂಬ ಸಮುದ್ರದ ಹುಳುಗಳು ದಡಕ್ಕೆ ಹಿಂಡುಗಟ್ಟಿ ಬರುವ ಕಾಲವನ್ನು ‘ರಾತೊ’ ಎಂಬ ಪುರೋಹಿತರು ಚಂದ್ರನ ಲೆಕ್ಕದಿಂದ ಹೇಳಿದಾಗ. ಹುಳುಗಳ ಸಮೃದ್ಧಿ ಬೆಳೆಯ ಸಮೃದ್ಧಿಯ ಸೂಚನೆ. ಅಂದಹಾಗೆ ಸುಂಬಾವನ್ನು ಹಿಂದೆ ಶ್ರೀಗಂಧದ ದ್ವೀಪ ಎಂದು ಕರೆಯುತ್ತಿದ್ದರು. ಅಲ್ಲಿನ ಗಿಡ್ಡ ಕುದುರೆಗಳಿಗೂ ಗಂಧದ ಹೆಸರೇ ಉಳಿದಿದೆ. ನಮ್ಮ ಮೈಸೂರು ಸೀಮೆಯ ಶ್ರೀಗಂಧವೂ ಅದೇ ಜಾತಿಯ ಮರ.

ಐದನೆಯ ಹೆಜ್ಜೆ: ದಿಕ್ಕು, ಹೆಸರು, ಜೋಗುಳ

ಬಾಲಿಯವರು ದಿಕ್ಕು ಹೇಳುವಾಗ ‘ಕಾಜಾ’ ಎಂದರೆ ಬೆಟ್ಟದ ಕಡೆ, ‘ಕೆಲೋದ್’ ಎಂದರೆ ಸಮುದ್ರದ ಕಡೆ. ಬೆಟ್ಟ ದ್ವೀಪದ ನಡುವೆ ಇರುವುದರಿಂದ ದಕ್ಷಿಣ ಬಾಲಿಯವರ ಕಾಜಾ ಉತ್ತರಕ್ಕಿದ್ದರೆ, ಉತ್ತರ ಬಾಲಿಯವರ ಕಾಜಾ ದಕ್ಷಿಣಕ್ಕೆ. ದಿಕ್ಸೂಚಿಗೆ ಇದು ಗೊಂದಲ, ಅವರಿಗಲ್ಲ. ಘಟ್ಟದ ಮೇಲೆ, ಘಟ್ಟದ ಕೆಳಗೆ ಎನ್ನುತ್ತಾ ಬೆಳೆದ ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ.

ಕಂಬಿಗರಿಗೆ ನಾಲ್ಕು ದಿಕ್ಕುಗಳು: ಏರು, ಇಳಿ, ಈದಡ, ಆದಡ. ನದಿ ಹಾಸಿಗೆ ಬದಲಿಸಿದಾಗ ದಿಕ್ಕುಗಳೂ ತಿರುಗುತ್ತವೆ. ಮುದುಕಿಯರು ಮಾತ್ರ ಹಳೆಯ ನದಿಯ ದಿಕ್ಕನ್ನೇ ಹೇಳುತ್ತಾರೆ. ‘ಅಜ್ಜಿ ಏರು ಎಂದರೆ ನಾವು ಆದಡಕ್ಕೆ ನೋಡಬೇಕು’ ಎಂದು ಮಕ್ಕಳಿಗೆ ಗೊತ್ತು. ಇಂಥ ಒಂದು ವಿವರ ಹತ್ತು ಪುಟದ ಇತಿಹಾಸಕ್ಕಿಂತ ಹೆಚ್ಚು ಹೇಳುತ್ತದೆ.

ಹೆಸರುಗಳಿಗೆ ಬಂದರೆ, ಬಾಲಿಯ ಸಾಮಾನ್ಯ ಜನರಲ್ಲಿ ಮೊದಲ ಮಗು ವಾಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮಾನ್, ನಾಲ್ಕನೆಯದು ಕೆತುತ್. ಐದನೆಯದಕ್ಕೆ ಮತ್ತೆ ವಾಯಾನ್. ಅಲ್ಲಿಂದ ತರಬೇಕಾದದ್ದು ಹೆಸರು ಏನನ್ನು ಲೆಕ್ಕ ಹಾಕುತ್ತದೆ ಎಂಬ ಎಣಿಕೆಯನ್ನು, ಆ ಪದಗಳನ್ನಲ್ಲ. ಕಂಬಿಗರ ಮಕ್ಕಳಿಗೆ ಹುಟ್ಟಿದ ದಿನ ನೀರು ಕಂಬದ ಎಷ್ಟನೆಯ ಗೆರೆಗೆ ಮುಟ್ಟಿತ್ತು ಎಂಬುದರ ಮೇಲೆ ಹೆಸರು. ಕಲ್ಪಿತ ಹೆಸರಿಗೆ ಹೊರನಾಡಿನ ದನಿ ಕೊಡಲು ಒದ್ದಾಡಬೇಡಿ. ಹಳಗನ್ನಡದಲ್ಲೂ ನಮ್ಮ ಊರುಗಳ ಹೆಸರುಗಳಲ್ಲೂ ಬೇಕಾದಷ್ಟು ಬೇರುಗಳಿವೆ.

ಇನ್ನು ಭವಿಷ್ಯವಾಣಿ. ಪ್ರಾಚೀನ ಭವಿಷ್ಯವಾಣಿಯಿಲ್ಲದೆ ಕಲ್ಪಿತ ಬುಡಕಟ್ಟು ಇರಬಾರದು ಎಂಬಂತೆ ಎಲ್ಲರೂ ಬರೆಯುತ್ತಾರೆ. ಅದರ ಬದಲು ಸಿಮೆಲುವೆ ದ್ವೀಪದ ‘ಸ್ಮೋಂಗ್’ ಕೇಳಿ. ಸುಮಾತ್ರಾದ ಪಶ್ಚಿಮಕ್ಕಿರುವ ಆ ದ್ವೀಪಕ್ಕೆ 1907ರಲ್ಲಿ ಸುನಾಮಿ ಅಪ್ಪಳಿಸಿ ಬಹಳ ಜನ ಸತ್ತರು. ಉಳಿದವರು ಅದನ್ನು ಕಥೆಯಾಗಿ, ಹಾಡಾಗಿ, ಮಕ್ಕಳ ಕಿವಿಗೆ ಹಾಕುತ್ತಾ ಬಂದರು: ನೆಲ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ, ಗುಡ್ಡಕ್ಕೆ ಓಡಿ. 2004ರ ಡಿಸೆಂಬರ್ 26ರಂದು ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಪಕ್ಕದ ಸುಮಾತ್ರಾದ ಉತ್ತರ ತುದಿಯ ‘ಆಚೆ’ ಎಂಬ ಸೀಮೆಯಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಇದನ್ನು ಮೊದಲು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತಿದ್ದೆ. ನಿಮ್ಮ ಜನಕ್ಕೆ ಭವಿಷ್ಯ ಹೇಳುವ ಮುದುಕ ಬೇಡ, ಹಿಂದಿನದನ್ನು ಮರೆಯದ ಒಂದು ಜೋಗುಳ ಕೊಡಿ. ಆ ಜೋಗುಳದ ಅರ್ಥ ಗೊತ್ತಿಲ್ಲದೆ ಹಾಡುತ್ತಿದ್ದ ಹುಡುಗಿಗೆ ಒಂದು ಬೆಳಿಗ್ಗೆ ಅರ್ಥವಾಗಲಿ.

ಆರನೆಯ ಹೆಜ್ಜೆ: ಯಾವುದನ್ನು ಮುಟ್ಟಬಾರದು

ಜಾವಾ ದ್ವೀಪದ ಪಶ್ಚಿಮ ಭಾಗದ ಬೆಟ್ಟಗಳಲ್ಲಿ ಬಾದುಯ್ ಜನರಿದ್ದಾರೆ. ಒಳಗಿನ ಮೂರು ಹಳ್ಳಿಗಳವರು ಬಿಳಿ ಬಟ್ಟೆ ತೊಡುತ್ತಾರೆ, ಚಪ್ಪಲಿ ಹಾಕುವುದಿಲ್ಲ, ವಾಹನ ಹತ್ತುವುದಿಲ್ಲ. ‘ಉದ್ದವಾದದ್ದನ್ನು ಕತ್ತರಿಸಬಾರದು, ಗಿಡ್ಡವಾದದ್ದಕ್ಕೆ ಜೋಡಿಸಬಾರದು’ ಎಂಬುದು ಅವರ ಕಟ್ಟಳೆ. ಆ ಒಳಹಳ್ಳಿಗಳಲ್ಲಿ ಫೋಟೊ ತೆಗೆಯುವುದು ನಿಷಿದ್ಧ. ಒಂದು ಜನ ಕ್ಯಾಮೆರಾಕ್ಕೆ ಬೇಡವೆಂದಿರುವುದನ್ನು ಲೇಖನಿ ಕದಿಯಬಾರದು. ನನ್ನ ಮೊದಲ ಗೆರೆ ಅದು.

ಎರಡನೆಯದು, ಯಾರೋ ನೋವುಂಡು ಉಳಿಸಿಕೊಂಡ ಪವಿತ್ರವನ್ನು ಅಲಂಕಾರ ಮಾಡಬಾರದು. ದಕ್ಷಿಣ ಸುಲಾವೆಸಿಯ ಬುಗಿಸ್ ಸಮಾಜ ಐದು ಲಿಂಗಗಳನ್ನು ಗುರುತಿಸುತ್ತದೆ: ಗಂಡು, ಹೆಣ್ಣು, ಗಂಡಾಗಿ ಹುಟ್ಟಿ ಹೆಣ್ಣಿನಂತೆ ಬದುಕುವ ಚಲಬಾಯ್, ಹೆಣ್ಣಾಗಿ ಹುಟ್ಟಿ ಗಂಡಿನಂತೆ ಬದುಕುವ ಚಲಲಾಯ್, ಮತ್ತು ಇವೆಲ್ಲವನ್ನೂ ಒಳಗೊಂಡ ಪುರೋಹಿತರಾದ ಬಿಸ್ಸು. ಯಲ್ಲಮ್ಮನ ಜೋಗತಿಯರನ್ನು ಕಂಡ ಕನ್ನಡಿಗರಿಗೆ ಬಿಸ್ಸುಗಳ ಗೌರವವೂ ಅವರ ಮೇಲಿನ ತಿರಸ್ಕಾರವೂ ಒಟ್ಟಿಗೆ ಅರ್ಥವಾಗಬಹುದು. 1950-60ರ ದಶಕಗಳ ಬಂಡಾಯದ ಕಾಲದಲ್ಲಿ ಬಿಸ್ಸುಗಳನ್ನು ಬೇಟೆಯಾಡಿದರು, ಅವರ ಪರಿಕರಗಳನ್ನು ನಾಶಮಾಡಿದರು. ಅವರನ್ನು ‘ನಿಗೂಢ ಮಾಂತ್ರಿಕ’ರಾಗಿ ಎರಡು ಪುಟಕ್ಕೆ ತಂದು ಸಾಯಿಸುವುದು ಕೆಟ್ಟ ಕೆಲಸ. ಲಿಂಗವನ್ನು ಎರಡಕ್ಕೆ ಮಾತ್ರ ಕಟ್ಟಿಹಾಕದ ಸಮಾಜ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಿ, ಧಾರಾಳವಾಗಿ. ಹಾಗೆಯೇ ತೊರಾಜಾ ಬಂಡೆಗಳ ಮೇಲಿರುವ ಪಿತೃಗಳ ಮರದ ಪ್ರತಿಮೆಗಳಾದ ತಾವ್-ತಾವ್‌ಗಳನ್ನು ಕಳ್ಳರು ಕದ್ದು ವಿದೇಶದ ಕಲಾಮಾರುಕಟ್ಟೆಗೆ ಮಾರಿದ್ದಾರೆ. ಅಜ್ಜನನ್ನು ಕಳೆದುಕೊಂಡ ಮನೆಯವರು ಇಂದೂ ಇದ್ದಾರೆ.

ತುಳುನಾಡಿನ ದೈವದ ವೇಷವನ್ನು ದೂರದ ಊರಿನವರು ವೇದಿಕೆಯ ಮೇಲೆ ಕುಣಿಸಿದಾಗ ಅಲ್ಲಿನ ಜನರಿಗೆ ಆಗುವ ಸಂಕಟ ನಮಗೆ ಗೊತ್ತಿದೆ. ಅದೇ ಅಳತೆಗೋಲನ್ನು ಸಮುದ್ರದಾಚೆಯವರಿಗೂ ಬಳಸೋಣ.

ತಲೆಬೇಟೆಯ ಬಗ್ಗೆ ಒಂದು ಮಾತು. ಬೋರ್ನಿಯೋ ಎಂದರೆ ತಲೆಬೇಟೆ ಎಂದು ಬರೆದಿಟ್ಟವರಲ್ಲಿ ಹಲವರು ವಸಾಹತು ಅಧಿಕಾರಿಗಳು. ಆ ಜನರನ್ನು ‘ಪಳಗಿಸುವ’ ಕೆಲಸಕ್ಕೆ ಅವರಿಗೆ ಕಾರಣ ಬೇಕಿತ್ತು. 1894ರಲ್ಲಿ ತುಂಬಾಂಗ್ ಅನೋಯ್ ಎಂಬ ಹಳ್ಳಿಯಲ್ಲಿ ಡಯಾಕ್ ಪಂಗಡಗಳ ಮುಖಂಡರು ಡಚ್ಚರ ಆಡಳಿತದ ಕಾಲದಲ್ಲೇ ಸಭೆ ಸೇರಿ, ತಲೆಬೇಟೆಯನ್ನೂ ಸೇಡಿನ ಕೊಲೆಯನ್ನೂ ನಿಲ್ಲಿಸುವ ಒಪ್ಪಂದ ಮಾಡಿಕೊಂಡರು. ನೂರು ಕಾದಂಬರಿಗಳು ತಲೆ ಕಡಿಯುವುದನ್ನು ಬರೆದಿವೆ. ತಲೆಮಾರುಗಳ ಹಗೆಯನ್ನು ಒಂದು ಚಾವಡಿಯಲ್ಲಿ ಕೂತು ಎಣಿಸಿ ಮುಗಿಸಿದ ಆ ಸಭೆಯಂಥದ್ದನ್ನು ಬರೆಯಿರಿ. ಯಾವ ಕೊಲೆಗೆ ಎಷ್ಟು ಪರಿಹಾರ, ಯಾರು ಮೊದಲು ಎದ್ದು ಮಾತನಾಡಬೇಕು, ಯಾರು ಬರಲೇ ಇಲ್ಲ. ಯುದ್ಧಕ್ಕಿಂತ ಅದು ಹೆಚ್ಚು ಉಸಿರುಗಟ್ಟಿಸುತ್ತದೆ.

ಮೂಲಗಳನ್ನು ಓದುವಾಗ ಯಾರು, ಯಾವಾಗ, ಯಾರಿಗಾಗಿ ಬರೆದರು ಎಂದು ಕೇಳಿ. ಇಂಡೋನೇಷ್ಯನ್ ಭಾಷೆಯ ಬರಹಗಳನ್ನು ಅನುವಾದ ತಂತ್ರಾಂಶದ ಸಹಾಯದಿಂದಲಾದರೂ ಓದಿ. ಮೂಲನಿವಾಸಿ ಸಮುದಾಯಗಳ ಒಕ್ಕೂಟವಾದ ‘ಅಮಾನ್’ 1999ರಿಂದ ಕೆಲಸ ಮಾಡುತ್ತಿದೆ. ಅವರ ಮಾತುಗಳಲ್ಲಿ ಭೂಮಿ, ಗಣಿ, ತಾಳೆತೋಟ, ನ್ಯಾಯಾಲಯ ಬರುತ್ತವೆ. 2017ರಲ್ಲಷ್ಟೇ ಸಂವಿಧಾನ ನ್ಯಾಯಾಲಯದ ತೀರ್ಪಿನಿಂದ ಸ್ಥಳೀಯ ನಂಬಿಕೆಗಳವರಿಗೆ ತಮ್ಮ ನಂಬಿಕೆಯನ್ನು ಗುರುತುಚೀಟಿಯಲ್ಲಿ ಬರೆಸುವ ದಾರಿ ತೆರೆಯಿತು. ನೀವು ‘ಪುರಾತನ’ ಎಂದು ಬರೆಯಹೊರಟ ನಂಬಿಕೆಯವರು ಈಗಷ್ಟೇ ಕಚೇರಿಯ ಸರತಿಯಲ್ಲಿ ನಿಂತಿದ್ದರು.

ಏಳನೆಯ ಹೆಜ್ಜೆ: ನೆರೆಯವರನ್ನು ಕೊಡಿ

ಕಲ್ಪಿತ ಬುಡಕಟ್ಟುಗಳ ದೊಡ್ಡ ಸುಳ್ಳು ಎಂದರೆ ಒಂಟಿತನ. ಸುಲಾವೆಸಿಯ ಮಕಾಸರ್‌ನ ನಾವಿಕರು ಸಮುದ್ರಸೌತೆ ಎಂಬ ಕಡಲಜೀವಿಗಾಗಿ ಉತ್ತರ ಆಸ್ಟ್ರೇಲಿಯಾದವರೆಗೆ ಹೋಗಿ ಅಲ್ಲಿನ ಮೂಲನಿವಾಸಿಗಳೊಡನೆ ವ್ಯಾಪಾರ ಮಾಡಿದರು. ಗುಜರಾತಿನ ಪಟೋಲಾ ಬಟ್ಟೆ ಇಂಡೋನೇಷ್ಯಾದ ಅನೇಕ ಮನೆಗಳಲ್ಲಿ ವಂಶದ ಸೊತ್ತಾಗಿ ಪೆಟ್ಟಿಗೆಯಲ್ಲಿ ಉಳಿಯಿತು. ಬುಗಿಸರ ಲೊಂತಾರಾ ಲಿಪಿ, ಬಟಾಕರ ಲಿಪಿ ಎರಡೂ ನಮ್ಮ ಕನ್ನಡ ಲಿಪಿಯಂತೆ ಬ್ರಾಹ್ಮಿಯ ಮರಿಮಕ್ಕಳು. ಲೆಂಬಾಟಾ ದ್ವೀಪದ ಲಮಲೆರಾ ಊರಿನವರು ಈಟಿ ಹಿಡಿದು ದೋಣಿಯಿಂದ ಹಾರಿ ತಿಮಿಂಗಿಲ ಬೇಟೆಯಾಡುತ್ತಾರೆ. ಆ ಮಾಂಸ ಬೆಟ್ಟದವರ ಮೆಕ್ಕೆಜೋಳಕ್ಕೆ ವಿನಿಮಯವಾಗುತ್ತದೆ.

ಕಂಬಿಗರಿಗೆ ನಾನು ಕೊಟ್ಟ ನೆರೆಯವರು ಮೇಲ್ದಿಕ್ಕಿನ ಕಾಡಿನವರು. ಅವರನ್ನು ಕಟ್ಟಲು ಮಲುಕು ದ್ವೀಪಗಳ ‘ಸಾಸಿ’ಯ ಪ್ರಶ್ನೆ ನೆರವಾಯಿತು. ಅಲ್ಲಿ ಊರಿನವರು ಒಂದು ಹವಳದಂಡೆಯನ್ನೋ ತೋಟವನ್ನೋ ಕೆಲಕಾಲ ಮುಚ್ಚುತ್ತಾರೆ. ಎಳೆಯ ತೆಂಗಿನ ಗರಿ ಕಟ್ಟಿದರೆ ಯಾರೂ ಮುಟ್ಟುವಂತಿಲ್ಲ. ತೆರೆದ ದಿನ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ. ಕೆಲವೆಡೆ ಇಂದು ಚರ್ಚಿನಲ್ಲಿ ಪ್ರಾರ್ಥನೆ ಮಾಡಿ ಸಾಸಿ ಘೋಷಿಸುತ್ತಾರೆ. ‘ಇಂದು ಹಸಿದವನಿಗೆ ನಾಳೆಯವರೆಗೆ ಕಾಯಲು ಹೇಳುವ ಹಕ್ಕು ಯಾರಿಗಿದೆ?’ ಎಂಬುದು ನಾನು ತೆಗೆದುಕೊಂಡ ಪ್ರಶ್ನೆ. ನನ್ನ ಕಾಡಿನವರು ಗರಿ ಕಟ್ಟುವುದಿಲ್ಲ, ಮರದ ತೊಗಟೆಗೆ ಸುಣ್ಣದ ಕೈಗುರುತು ಒತ್ತುತ್ತಾರೆ. ಅವರು ಆರು ವರ್ಷ ಕಾಡು ಮುಚ್ಚಿದರೆ ಕಂಬಿಗರ ಒಂದು ತಲೆಮಾರಿನ ಹುಡುಗರು ಕಂಬವಿಲ್ಲದೆ, ಮದುವೆಯಿಲ್ಲದೆ ಉಳಿಯುತ್ತಾರೆ. ಇಬ್ಬರ ಕಟ್ಟಳೆಯೂ ಸರಿ, ಇಬ್ಬರೂ ಎದುರುಬದುರು. ಕಥೆಗೆ ಖಳನಾಯಕ ಬೇಕಾಗಲೇ ಇಲ್ಲ.

ಎಂಟನೆಯ ಹೆಜ್ಜೆ: ತೋರಿಸಿ, ಹೆಸರು ಹೇಳಿ

ಕರಡು ಮುಗಿದ ಮೇಲೆ ನೀವು ಕಲಿತ ಜನರಲ್ಲಿ ಒಬ್ಬರಿಗಾದರೂ ತೋರಿಸಿ, ಅವರ ಸಮಯಕ್ಕೆ ಹಣ ಕೊಡಿ. ಪುಸ್ತಕದ ಕೊನೆಯಲ್ಲಿ ಯಾವ ಜನರಿಂದ ಏನು ಕಲಿತಿರಿ ಎಂದು ಹೆಸರು ಹಿಡಿದು ಬರೆಯಿರಿ. ‘ಆಗ್ನೇಯ ಏಷ್ಯಾದ ಸಂಸ್ಕೃತಿಗಳಿಂದ ಪ್ರೇರಿತ’ ಎಂದರೆ ಯಾರಿಗೂ ಋಣ ತೀರಿಸಿದಂತಲ್ಲ.

ಒಂಬತ್ತನೆಯ ಹೆಜ್ಜೆ: ಒಂದು ಸಾಮಾನ್ಯ ಜಗಳ ಬರೆಯಿರಿ

ಯುದ್ಧ, ಪಟ್ಟಾಭಿಷೇಕ, ಬಲಿ ಬೇಡ. ಮನೆಯೊಳಗಿನ ಜಗಳ ಬರೆಯಿರಿ. ಅದು ಹೊರಗಿನವನಿಗೆ ವಿವರಿಸದೆ ತಾನೇ ನಿಲ್ಲುತ್ತದೆಯೇ ನೋಡಿ. ಕಂಬಿಗರದು ಹೀಗೆ ಬಂತು:

ನಾಲ್ಕು ವರ್ಷದ ಮೇಲೆ ತಮ್ಮ ಬಂದಿದ್ದ. ಕಂಬ ನೀರಿನಿಂದ ಮೇಲೆ ಬರುವಾಗ ಊರೆಲ್ಲ ಹಗ್ಗ ಹಿಡಿದಿತ್ತು. ತಾಯಿ ಕುಳಿಯ ನೀರನ್ನು ಚಿಪ್ಪಿನಲ್ಲಿ ಮೊಗೆದು ಹೊರಗೆ ಚೆಲ್ಲಿದಳು, ಅಳುತ್ತಾ. ಮಾವ ಮಾತ್ರ ಹಗ್ಗ ಮುಟ್ಟಲಿಲ್ಲ. ಕಂಬದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ತೊಗಟೆ ಸವರಿದ. ಬೆರಳು ಬೆಳ್ಳಗಾಯಿತು.

“ಎಲ್ಲಿ ಕಡಿದೆ?” ಎಂದ.

“ಏರಿನಲ್ಲಿ, ಮಾವಯ್ಯ.”

“ಏರು ದೊಡ್ಡದು.”

ತಮ್ಮ ಮಾತನಾಡಲಿಲ್ಲ. ಅಕ್ಕ ಬಂದು ಮಾವನ ಪಕ್ಕ ಕೂತಳು. ತನ್ನ ಸೆರಗಿನಿಂದ ಅವನ ಬೆರಳು ಒರೆಸಿದಳು, ನಿಧಾನವಾಗಿ, ಒಂದು ಚೂರೂ ಉಳಿಯದ ಹಾಗೆ. ಆಮೇಲೆ ಎದ್ದು, ಹಗ್ಗ ಹಿಡಿದವರ ಕಡೆ ತಿರುಗಿ ಹೇಳಿದಳು: “ಕುಳಿ ಇನ್ನೂ ಆಳವಾಗಬೇಕು. ಇವತ್ತು ನೆಡುವುದಿಲ್ಲ.”